ಸೋಪು ರ್‍ಯಾಕಿನ ಕ್ಯಾಮೆರಾ

ಜೂನ್ 3, ಮಂಗಳವಾರ
ಕೊರಟಗೆರೆ ರೂಟ್. ಮೊದಲ ಅಂಗಡಿಯಲ್ಲೇ ಆ್ಯಪಿನ ಹಠ. ನಮ್ಮ ಕಂಪನಿಯ ಸೋಪು ಜೋಡಿಸಿ ಫೋಟೊ ಕಳಿಸಿದರೆ ‘ಮಸುಕಾಗಿದೆ, ಮತ್ತೆ ತೆಗೆಯಿರಿ’. ಮತ್ತೆ ತೆಗೆದೆ. ಸೋಪು ಕಣ್ಣಿನ ಮಟ್ಟದಲ್ಲಿ ಇಲ್ಲವಂತೆ, ಸ್ಕೋರ್ ಕಡಿಮೆ. ಬೇರೆ ಕಂಪನಿಯದನ್ನು ಕೆಳಗಿಳಿಸಿ ನಮ್ಮದನ್ನು ಮೇಲಿಟ್ಟೆ. ನಾನು ಹೊರಟ ಮೇಲೆ ಅಂಗಡಿಯವರು ಅದಲುಬದಲು ಮಾಡುತ್ತಾರೆ, ಗೊತ್ತು.
ಅದಕ್ಕೇ ಈಗ ಹೊಸ ರ್‍ಯಾಕ್. ಎದುರು ಗೋಡೆಗೆ ಅಂಗಿ ಗುಂಡಿಯಷ್ಟು ಕ್ಯಾಮೆರಾ. ಆಗಾಗ ತಾನೇ ಫೋಟೊ ಕಳಿಸುತ್ತದೆ. “ನಮ್ಮ ಸೋಪು ಬಿಟ್ಟು ಬೇರೇನೂ ಕಾಣಲ್ಲ, ಅಂಗಡಿಯವರಿಗೆ ಹಾಗೇ ಹೇಳಿ” ಅಂದರು ಸಿರಾ ಆಫೀಸಿನ ಸೂಪರ್‌ವೈಸರ್ ಸುನೀಲ್‌ಕುಮಾರ್.

ಜೂನ್ 12, ಗುರುವಾರ
ಚನ್ನರಾಯನದುರ್ಗ. ಇಂದ್ರಮ್ಮನ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಒಂಟಿ ಹೆಂಗಸು. ಮಧ್ಯಾಹ್ನ ವ್ಯಾಪಾರವಿಲ್ಲದಾಗ ಬಾಗಿಲು ಮುಂದೆ ಮಾಡಿಕೊಂಡು ಅಲ್ಲೇ ಚಾಪೆ ಹಾಸುತ್ತಾರೆ. ರ್‍ಯಾಕ್ ನಿಲ್ಲಿಸಿದೆ, ಕ್ಯಾಮೆರಾ ಅಂಟಿಸಿದೆ.
“ಇದೇನವ್ವ, ಕಣ್ ಬುಟ್ಕೊಂಡು ನನ್ನೇ ನೋಡ್ತದಲ್ಲ?”
“ಸೋಪು ಮಾತ್ರ ನೋಡೋದು ಕಣಮ್ಮ.”
“ನೀನೇ ಅಂದ್ಮೇಲೆ ಆಯ್ತು ಬುಡು.” ನನ್ನ ಫೋನಿನ ಆ್ಯಪಿನಲ್ಲಿ ಒಪ್ಪಿಗೆಗೆ ಬೆರಳು ಒತ್ತಿದರು. ಟೀ ಕೊಟ್ಟರು.

ಜುಲೈ 8, ಮಂಗಳವಾರ, ಸಂಜೆ
ಬರೆಯದಿದ್ದರೆ ತಲೆ ಸಿಡಿಯುತ್ತದೆ.
ಸಿರಾದಲ್ಲಿ ಮೀಟಿಂಗ್. ಪ್ರೊಜೆಕ್ಟರ್ ಹಾಕಿ ಅಂಗಡಿಗಳ ಫೋಟೊ ತೋರಿಸುತ್ತಿದ್ದರು. ರ್‍ಯಾಕ್ ಎಲ್ಲೆಲ್ಲಿ ದುರುಪಯೋಗ ಆಗುತ್ತಿದೆ ನೋಡಿ ಅಂತ. ಒಂದರಲ್ಲಿ ಬೀಡಿ ಕಟ್ಟು. ಇನ್ನೊಂದರಲ್ಲಿ ಮಗುವಿನ ಚಡ್ಡಿ. ಆಮೇಲೆ ಚನ್ನರಾಯನದುರ್ಗ.
ಇಂದ್ರಮ್ಮ. ಸೀರೆ ಬಿಚ್ಚಿ ರ್‍ಯಾಕಿನ ಮೇಲೆ ಹಾಕಿದ್ದಾರೆ. ಲಂಗ, ರವಿಕೆಯಲ್ಲಿ ಚಾಪೆ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ.
ರೂಮಿನ ತುಂಬ ಗಂಡಸರು. ಹಿಂದಿನಿಂದ ಯಾರೋ, “ಸೋಪಿಗಿಂತ ಎಣ್ಣೇನೇ ಚೆನ್ನಾಗಿ ಕಾಣ್ತದೆ ಸಾರ್.” ನಕ್ಕರು. ಸುನೀಲ್‌ಕುಮಾರ್ ಕೂಡ. “ರಾಧಾಮಣಿ, ಇದು ನಿಮ್ಮ ಅಂಗಡಿ. ಸೀರೆ ಒಣಗಾಕೋಕೆ ರ್‍ಯಾಕ್ ಕೊಟ್ಟಿಲ್ಲ ಅಂತ ಹೇಳಿ.”
ಎದ್ದು ಹೋಗಿ ಪ್ರೊಜೆಕ್ಟರಿನ ವೈರು ಕಿತ್ತೆ.
“ಸೋಪು ಬಿಟ್ಟು ಏನೂ ಕಾಣಲ್ಲ ಅಂದಿದ್ರಿ.”
“ಎಐ ಲೆಕ್ಕ ಮಾಡೋದು ಸೋಪು ಮಾತ್ರ. ಫೋಟೊ ಫುಲ್ ಬರುತ್ತಮ್ಮ.”
ಎಷ್ಟು ಸಲೀಸಾಗಿ ಅಂದ.

ಜುಲೈ 9
ಇಂದ್ರಮ್ಮನಿಗೆ ಹೇಳಲೇಬೇಕಿತ್ತು. ಹೇಳಿದೆ. ಸಕ್ಕರೆ ತೂಗುತ್ತಿದ್ದ ಕೈ ನಿಂತಿತು.
“ಎಲ್ಲಾ ಗಂಡುಸ್ರೇನವ್ವ?”
“ಹೂಂ.”
“ನಕ್ಕರಾ?”
ಸುಳ್ಳು ಹೇಳಲಾಗಲಿಲ್ಲ.
ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು, ಸೋಪನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬಿದರು. “ನಾಳೀಕೆ ಲಗೇಜ್ ಆಟೊ ಕರ್ಸು. ಎಲ್ಲೈತೆ ನಿಮ್ಮ ಆಪೀಸು, ತೋರ್ಸು.”

ಜುಲೈ 10
ಸಿರಾ. ರ್‍ಯಾಕನ್ನು ಸುನೀಲ್‌ಕುಮಾರ್ ಟೇಬಲ್ಲಿಗೇ ಒರಗಿಸಿದೆವು.
“ನೀನೇನಪ್ಪ, ನನ್ನ ಪಟ ತೋರ್ಸಿ ನಗಾಡಿದ್ದು?”
“ಆ್ಯಪಲ್ಲಿ ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲಮ್ಮ...”
“ಸೋಪಿಗೆ ಕೊಟ್ಟಿದ್ದು. ನನ್ನ ಲಂಗಕ್ಕಲ್ಲ.”
ಆಫೀಸಿನಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ಮೊನ್ನೆ ನಕ್ಕವರೇ.
“ಅಳ್ಸು. ನನ್ನ ಮುಂದೇನೇ ಅಳ್ಸು.”
“ಅದು ಸರ್ವರಲ್ಲಿರುತ್ತೆ. ನನ್ನ ಕೈಲಿಲ್ಲ.”
“ತೋರ್ಸಾಕೆ ಕೈಲಿತ್ತಲ್ಲ?”
ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತರು. ಪಕ್ಕದಲ್ಲಿ ನಾನು. ಊಟದ ಹೊತ್ತು ಮೀರಿತು. ಕೊನೆಗೆ ಬೆಂಗಳೂರಿಗೆ ಫೋನ್ ಮಾಡಿದ. ಸಂಜೆ ಹೊತ್ತಿಗೆ ಅಳಿಸಿದರು, ಸ್ಕ್ರೀನಿನಲ್ಲಿ ತೋರಿಸಿದರು. ನಿಜವಾಗಿ ಅಳಿಯಿತೋ ಇಲ್ಲವೋ, ಯಾರು ಬಲ್ಲರು. ‘ತಪ್ಪಾಯ್ತು’ ಅನ್ನುವ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ.

ಜುಲೈ 14
ಆ್ಯಪಿನಲ್ಲಿ ನನ್ನ ಲಾಗಿನ್ ಬ್ಲಾಕ್. ಶಿಸ್ತು ಉಲ್ಲಂಘನೆ ಅಂತ ಮೆಸೇಜ್. ನಕ್ಕವರದು ಯಾವ ಶಿಸ್ತೋ.

ಜುಲೈ 17
ಕೆಲಸವಿಲ್ಲ. ಆದರೂ ಪಾವಗಡ ಬಸ್ ಹತ್ತಿದೆ. ಬಲಸಮುದ್ರದ ನಾಗಕ್ಕನ ಅಂಗಡಿಗೂ ಕ್ಯಾಮೆರಾ ಅಂಟಿಸಿದ್ದು ನಾನೇ. ಸೊಸೆ ಬಾಣಂತಿ; ಅಂಗಡಿಯಲ್ಲೇ ಕೂತು ಮಗುವಿಗೆ ಹಾಲು ಕೊಡುತ್ತಾಳೆ. ವಿಷಯ ಕೇಳಿದ್ದೇ ನಾಗಕ್ಕ ಪೊರಕೆಯ ಹಿಡಿಯಲ್ಲಿ ಹೊಡೆದು ಕ್ಯಾಮೆರಾ ಉದುರಿಸಿದರು. ನನ್ನನ್ನೂ ಹೊಡೆಯುವ ಹಾಗೆ ನೋಡಿದರು. ಆಮೇಲೆ, “ಇನ್ನಾ ಯಾರ್‍ಯಾರ ಮನ್ಯಾಗಿಕ್ಕಿದ್ದೀಯ ತಲ್ಲೀ? ನಡಿ, ನಾನೂ ಬತ್ತೀನಿ.”
ಸಿಕ್ಕಷ್ಟೂ ಕಿತ್ತೆವು.

ಜುಲೈ 31, ಗುರುವಾರ
ಬೆಂಗಳೂರಿಂದ ಫೋನು. ಯಾರೋ ಹೆಂಗಸು, ನಯವಾದ ಮಾತು. ವಾಪಸ್ ಬನ್ನಿ ಅಂದಳು. ಕ್ಯಾಮೆರಾ ಎಲ್ಲ ತೆಗೆಸುತ್ತಾರಂತೆ. ಇನ್ನು ಮೇಲೆ ಮೈಕ್ ಇರುವ ರ್‍ಯಾಕ್. ಗಿರಾಕಿ ಯಾವ ಸೋಪಿನ ಹೆಸರು ಹೇಳುತ್ತಾನೆ ಅನ್ನುವುದನ್ನಷ್ಟೇ ಕೇಳಿಸಿಕೊಳ್ಳುತ್ತದಂತೆ.
“ಮನೆಯವರು ಮಾತಾಡೋದು?”
“ಸಿಸ್ಟಮ್ ಅದನ್ನ ಲೆಕ್ಕಕ್ಕೆ ತಗೊಳಲ್ಲ ಮ್ಯಾಡಮ್.”
ಮೈ ಉರಿದುಹೋಯಿತು. ಸೋಮವಾರ ಸಿರಾಕ್ಕೇ ಬಂದು ಮಾತಾಡುತ್ತೇನೆ ಅಂದೆ. ಇಂದ್ರಮ್ಮನಿಗೆ ತಿಳಿಸಿದರೆ “ಆಟೊ ಹೇಳ್ಬುಡು” ಅಂದರು, ಅಷ್ಟೇ. ನಾಗಕ್ಕ ಮೊದಲ ಬಸ್ಸಿಗೆ ಹೊರಡುತ್ತಾರೆ. ಇನ್ನು ಇಲ್ಲೇ ನಮ್ಮೂರು ಮಧುಗಿರಿಯಲ್ಲಿ ಅಂಗಡಿ ಇಟ್ಟಿರುವ ದಾಸಮ್ಮ. ಅವರಿಗೆ ಇವತ್ತು ಮಧ್ಯಾಹ್ನವೇ ಮೈಕಿನ ಹೊಸ ರ್‍ಯಾಕ್ ಇಳಿಸಿದ್ದಾರಂತೆ, ಈಗಲೇ ಹೋಗಿ ಆ ಮೈಕು ಕಿತ್ತು ಬರುತ್ತೇನೆ.