ಸೋಮವಾರ ಹಾರಬಾರದ ಕೋವಿ

ನ್ಯೂ ಟೌನ್, ಭದ್ರಾವತಿ
ಶನಿವಾರ, 21-8-1999

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಭಾವನವರ ಗೊರಕೆ? ಎರಡರಲ್ಲಿ ಒಂದಾದರೂ ಇಳಿದಿದ್ದರೆ ಬರೆ. ಇಲ್ಲಿ ಅಮ್ಮನ ಬಿ.ಪಿ. ಏರುತ್ತಲೇ ಇದೆ, ಕಾರಣ, ಪಡಸಾಲೆಯ ಗೋಡೆ ಮೇಲಿನ ಮುತ್ತಜ್ಜನ ಕೋವಿ.

ಚುನಾವಣೆ ಬಂತಲ್ಲ, ಪಕ್ಕದ ಮನೆಯ ಮುರುಗೇಶಪ್ಪನವರ ಬಂದೂಕನ್ನು ಠಾಣೆಗೆ ಒಯ್ಯಲು ಬಂದ ಇನ್ಸ್‌ಪೆಕ್ಟರ್ ಕಣ್ಣಿಗೆ ನಮ್ಮದೂ ಬಿತ್ತು. ಲೈಸೆನ್ಸ್ ಕೇಳಿದರು. ಅದಕ್ಕಿರುವುದು ವರ್ಷಕ್ಕೊಮ್ಮೆ ಆಯುಧಪೂಜೆಯ ಕುಂಕುಮ ಮಾತ್ರ. ಪುಣ್ಯಕ್ಕೆ ಒಳ್ಳೆಯ ಮನುಷ್ಯ. ಕೋವಿಗೆ ನೂರು ವರ್ಷ ದಾಟಿರಬೇಕು, ಗುಂಡು ಹಾರಿಸಲು ಬಾರದಂತಿರಬೇಕು. ಎರಡೂ ಆದರೆ ಪುರಾತನ ವಸ್ತು, ಇಲ್ಲದಿದ್ದರೆ ಕೇಸು ಎಂದರು. ಸೋಮವಾರ ಶಿವಮೊಗ್ಗದಲ್ಲಿ ತಜ್ಞರ ಪರೀಕ್ಷೆ. ಅಲ್ಲಿಯವರೆಗೆ ಮನೆಯಲ್ಲೇ ಇರಲಿ ಎಂದು ಅಪ್ಪನಿಂದ ಬರೆಸಿಕೊಂಡು ಹೋದರು.

ವಯಸ್ಸನ್ನು ನಾನೇ ಹುಡುಕಿದೆ. ಸೀಮೆಎಣ್ಣೆ ಬಟ್ಟೆಯಿಂದ ಕುಂಕುಮದ ಜಿಡ್ಡು ಉಜ್ಜಿ ಭೂತಗನ್ನಡಿ ಹಿಡಿದರೆ, ಹಿಡಿಯ ಪಕ್ಕದ ಕಬ್ಬಿಣದ ತಗಡಿನಲ್ಲಿ ಒಂದು ಕಿರೀಟ, ಅದರ ಮುಂದೆ 1862. ವಯಸ್ಸಿನ ವಿಷಯದಲ್ಲಿ ನಮ್ಮ ಹುಚ್ಚಮ್ಮತ್ತೆಗಿಂತ ಪ್ರಾಮಾಣಿಕ ವಸ್ತು.

ತೊಡಕು ಎರಡನೆಯದರಲ್ಲಿ. ನಾವು ಚಿಕ್ಕವರಿದ್ದಾಗ ಅದು ಹಾರುತ್ತಿರಲಿಲ್ಲ, ನೆನಪಿದೆಯೇ? ಮೂವತ್ತೆರಡು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ, ಕೆಟ್ಟ ವಸ್ತು ಕಂಡರೆ ಬಿಡುವವರೇ? ನಿವೃತ್ತಿಯಾದ ವರ್ಷವೇ ಮುರಿದ ಸ್ಪ್ರಿಂಗ್ ತೆಗೆದು, ಗರಗಸದ ಅಲಗಿನಿಂದ ಹೊಸದು ಮಾಡಿ ಕೂರಿಸಿದರು. ಇನ್ಸ್‌ಪೆಕ್ಟರ್ ಪಾಪ, "ಇದು ಹಾರಲ್ಲ ತಾನೆ, ಶಿವಯೋಗಪ್ಪನೋರೇ?" ಎಂದು ದಾರಿ ತೋರಿಸಿದರೆ, ಇವರು "ಯಾಕ್ ಹಾರಲ್ಲ ಸಾರ್? ರಿಪೇರಿ ಮಾಡಿರೋನು ನಾನು" ಎಂದುಬಿಟ್ಟರು. ಅವರು ಕೆಮ್ಮಿ, "ಸೋಮವಾರ ನೋಡಾಣ ಬಿಡಿ" ಎಂದು ಎದ್ದರು.

ಆ ಸ್ಪ್ರಿಂಗ್ ಕಿತ್ತುಹಾಕಿ ಎಂದು ಅಮ್ಮ ಮೂರು ದಿನದಿಂದ ಅಳುತ್ತಿದ್ದಾಳೆ. "ಸರಿ ಮಾಡಿದ್ದನ್ನ ನನ್ ಕೈಯಾರೆ ಕೆಡಿಸಲ್ಲ ಮಾರಾಯ್ತಿ" ಎನ್ನುತ್ತಾರೆ ಅಪ್ಪ. ಜೈಲಿಗೆಂದು ಎರಡು ಪಂಚೆ, ವಿಭೂತಿ ಗಟ್ಟಿ ಚೀಲಕ್ಕೆ ಹಾಕಿಟ್ಟಿದ್ದಾರೆ. ಆ ಚೀಲ ನೋಡಿದಾಗ ಮಾತ್ರ ನನಗೂ ತಮಾಷೆ ಹೊಳೆಯುವುದಿಲ್ಲ.

ಭಾವನವರಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಚಿವುಟು.

ನಿನ್ನ ತಂಗಿ,
ತನುಜಾ

ತಾ.ಕ.: ಲಕೋಟೆಯೊಳಗೆ ಹತ್ತಿಯಲ್ಲಿ ಸುತ್ತಿರುವುದು ಅಪ್ಪನ ಸ್ಪ್ರಿಂಗ್. ಅವರು ಪೂಜೆಗೆ ಕೂತಾಗ ತೆಗೆದು, ಡಬ್ಬಿಯಲ್ಲಿದ್ದ ಹಳೆಯ ತುಂಡನ್ನೇ ಕೂರಿಸಿದೆ, ಫಿಟ್ಟರ್ ಮಗಳಲ್ಲವೇ. ಸೋಮವಾರ ಕೋವಿ ಹಾರುವುದಿಲ್ಲ. ಅಪ್ಪ ಉಳಿದುಕೊಳ್ಳುತ್ತಾರೆ, ಆದರೆ ತಮ್ಮ ಕೈಕೆಲಸ ಎಲ್ಲರೆದುರು ಕೈಕೊಟ್ಟಿತೆಂದು ಕುಗ್ಗಿಹೋಗುತ್ತಾರೆ. ಅದಕ್ಕೇ ಬುಧವಾರ ತಪ್ಪದೆ ಫೋನ್ ಮಾಡು. ಹೊಲಿಗೆ ಮೆಷಿನ್ ಕೆಟ್ಟಿದೆ, ಹುಬ್ಬಳ್ಳಿಯಲ್ಲಿ ಯಾರ ಕೈಲೂ ಆಗಲಿಲ್ಲ, ನೀವೇ ಬರಬೇಕು ಅನ್ನು. ಕೆಟ್ಟಿರದಿದ್ದರೆ, ಅವರು ಬರುವುದರೊಳಗೆ ಕೆಡಿಸಿಡು.