ಒಸ್ಮೇರ ಎಂಬ ಹೆಸರಿನ ವಾರಸುದಾರರು

ಒಸ್ಮೇರ,
ಫೆಬ್ರವರಿ ೩೧, ೨೪೧೭

ನಮಗಿಂತ ಮೊದಲು ಬದುಕಿದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಕ್ಕಿಲ್ಲ. ನಮ್ಮಲ್ಲಿ ಇದೆ. ನಾನು ನಾಲ್ಕನೇ ತರಗತಿವರೆಗೆ ಓದಿದವಳು. ಗುರುತು ಸಿಗದ ಮಾತು ಬಂದರೆ ಸಿಟ್ಟಾಗಬೇಡಿ.

ಒಸ್ಮೇರ ಯುರೋಪಿನ ಉತ್ತರದ ಕಡಲಂಚಿನ ಊರು. ನಮ್ಮ ಹಿರಿಯರು ವಿಜಯಪುರದ ಕಡೆಯಿಂದ ಬಂದು ಇಲ್ಲಿಯ ಉಪ್ಪುಮಣ್ಣಿನಲ್ಲಿ ಜೋಳ ಬೆಳೆದರು. ಸಿಹಿನೀರಿಗೆ ಇರುವುದು ಒಂದೇ ಬಾವಿ. ಅದನ್ನು ಹಂಚುವುದು ಹೆಸರುಪಾಲಿನ ಮೇಲೆ, ಎಂದರೆ ಊರ ಹೆಸರು ಯಾರ ಭಾಷೆಯದೋ ಅವರಿಗೆ ಮೊದಲ ಕೊಡ. ಡಚ್ಚರ ಪ್ರಕಾರ ಒಸ್ಮೇರ್ ಎಂದರೆ ಎತ್ತಿನ ಕೆರೆ. ಜರ್ಮನ್ನರು ಅದು ಒಸ್ಮಾರ್ ಎಂಬ ತಮ್ಮ ಹಿರಿಯನ ಹೆಸರೆನ್ನುತ್ತಾರೆ. ಬೆಳಿಗ್ಗೆ ಅವರಿಬ್ಬರೂ ಜಗಳವಾಡುತ್ತಾ ತುಂಬಿಕೊಂಡ ಮೇಲೆ ತಳದ ಕೆಸರುನೀರು ನಮಗೆ. ತಿಳಿಯನ್ನು ಮಕ್ಕಳಿಗೆ ಕುಡಿಸಿ ಉಳಿದದ್ದರಲ್ಲಿ ಹಿಟ್ಟು ನಾದುತ್ತೇವೆ. ನಮ್ಮ ರೊಟ್ಟಿ ಹಲ್ಲಿಗೆ ಕರಕರ ಎನ್ನುತ್ತದೆ.

ಈ ವರ್ಷ ನೀರಧಿಕಾರಿಗಳು ಹೆಸರಿನ ಮೂಲ ತೀರ್ಮಾನವಾಗಲಿ ಎಂದರು. ಡಚ್ಚರದು, ಜರ್ಮನ್ನರದು, ನಮ್ಮದು, ಹೀಗೆ ಊರಿನ ಮೂರೂ ಓಣಿಗಳು ಒಬ್ಬೊಬ್ಬ ಬೇರುಗಾರರನ್ನು, ಅಂದರೆ ಮಾತಿನ ಬೇರು ಹುಡುಕುವವರನ್ನು, ಕಳಿಸಬೇಕು. ಸಾಕ್ಷಿ ಮುಚ್ಚಿಡಬಾರದೆಂದು ಮೂವರೂ ಒಟ್ಟಿಗೆ ತಿರುಗುವುದು ಪದ್ಧತಿ. ಅಕ್ಷರ ಬಲ್ಲವಳೆಂದು ನಮ್ಮವರು ನನ್ನನ್ನು ಕಳಿಸಿದರು. ನಾಚಿಕೆಯಿಂದ ನಾನು ಹಿಂದೆ ಹಿಂದೆಯೇ ನಡೆದೆ. ದಾರಿಯಲ್ಲಿ ಸಿಕ್ಕ ಫ್ರೆಂಚ್ ಬೆಸ್ತರು ನಮ್ಮ ಊರ ಹೆಸರನ್ನು ಓಮೇರ್ ಎಂದರು. ಕೊನೆಗೆ ಕಡಲು ಹಿಂದೆ ಸರಿದಾಗ ಲ್ಯಾಟಿನ್ ಕೆತ್ತಿದ ಕಲ್ಲೊಂದು ಸಿಕ್ಕಿತು. ಈ ಜಾಗವನ್ನು ಇಲ್ಲಿಯವರು ಒಸ್ಮೇರಾ ಎನ್ನುತ್ತಾರೆ, ಅರ್ಥ ಅವರಿಗೂ ತಿಳಿಯದು ಎಂದು ಅದರಲ್ಲಿತ್ತು. ಆ ಹಳೆಯ ಜನರ ಭಾಷೆಯಲ್ಲಿ ಈ ಹೆಸರು ಬಿಟ್ಟರೆ ಬೇರೊಂದು ಮಾತೂ ಉಳಿದಿಲ್ಲ. ಡಚ್ಚರೂ ಜರ್ಮನ್ನರೂ ಆಮೇಲೆ ಬಂದು ತಮ್ಮ ತಮ್ಮ ಅರ್ಥ ಹಚ್ಚಿಕೊಂಡಿದ್ದರು.

ಡಚ್ ಬೇರುಗಾರ ಯೋರಿಸ್ ಬೂಟು ಬಿಚ್ಚಿ ಮರಳು ಕೊಡವಿದ. ನಮ್ಮ ಓಣಿಯ ಮಕ್ಕಳೊಂದಿಗೆ ಬೆಳೆದವನು, ನಮ್ಮ ಮಾತಿನಲ್ಲೇ ಹೇಳಿದ:

"ಎತ್ತೂ ಹೋತು, ಕೆರೀನೂ ಹೋತು. ಇನ್ನ ನಿಮ್ಮ ಕೊಡ ನಮ್ಮ ಕೊಡ ಒಂದ ಸಾಲಿನ್ಯಾಗ ಇಡೂಣ ಬಿಡವ್ವ."

ಯಾರದೂ ಅಲ್ಲದ ಹೆಸರೆಂದರೆ ಎಲ್ಲರಿಗೂ ಸಮಪಾಲು ಎಂದು ಊರೆಲ್ಲ ನಂಬಿತು. ನಮ್ಮ ಓಣಿಯ ಹಿರಿಯಳು ದ್ಯಾಮವ್ವ ಕೊಡಗಳನ್ನು ತಾನೇ ಸಾಲಾಗಿ ಇಟ್ಟಳು. ನೀರಧಿಕಾರಿಗಳು ಬಂದು, ಹೆಸರಿಗೆ ವಾರಸುದಾರರಿಲ್ಲ, ಆದ್ದರಿಂದ ಬಾವಿಗೂ ಇಲ್ಲ ಎಂದು ಬರೆದು, ನಿನ್ನೆ ಬಾವಿಗೆ ಮುಚ್ಚಳ ಹಾಕಿ ಬೀಗ ಜಡಿದರು.

"ಹೆಸರಿಗೂ ನೀರಡಸ್ತೈತೇನೋ ತಮ್ಮಾ?" ಎಂದು ದ್ಯಾಮವ್ವ ಬೀಗ ಹಾಕುತ್ತಿದ್ದವನನ್ನು ಕೇಳಿದಳು. ಅವನು ಬೀಗ ಜಗ್ಗಿ ನೋಡಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ನಾಳೆ ಮೂರೂ ಓಣಿಗಳು ಖಾಲಿಯಾಗುತ್ತವೆ. ಎಲ್ಲಿಗೆ ಎಂದು ತಿಳಿಯದು. ಅಳುವುದಕ್ಕೂ ನನಗೆ ಆಯಾಸ. ನಿಮ್ಮಲ್ಲೂ ಊರ ಹೆಸರುಗಳ ಮೂಲ ಹುಡುಕುವವರಿದ್ದರಂತೆ. ಹುಡುಕಲಿ, ಅದರಲ್ಲಿ ಸುಖವಿದೆ, ನಾನೂ ಕಂಡಿದ್ದೇನೆ. ಸಿಕ್ಕಿದ್ದನ್ನು ಮಾತ್ರ ಬಾವಿಯ ಹತ್ತಿರ ತರಬೇಡಿ. ನಿಮ್ಮ ಕಾಲದಲ್ಲಿ ಈ ಹೆಸರುಪಾಲಿನ ಕಾನೂನನ್ನು ಇನ್ನೂ ಯಾರೂ ಬರೆದಿಲ್ಲ.

ನಿಮ್ಮ ನಂತರದವಳು,
ಗುರಸಿದ್ದವ್ವ