ವಸಂತದಲ್ಲಿ ಬರುವವರಿಗಾಗಿ ಹವೆಯ ವಿವರ

ಟವೇವುನಿ ದ್ವೀಪ, ಫಿಜಿ
೭ ಅಕ್ಟೋಬರ್, ಸೋಮವಾರ

ಪ್ರೀತಿಯ ಕೆಲೆರಾ,

ನಾಲ್ಕು ವರ್ಷಗಳ ಮೇಲೆ ನಿನ್ನ ಹೆಸರನ್ನು ಬರೆಯುತ್ತಿದ್ದೇನೆ.

ಬ್ರಿಸ್ಬೇನಿನ ನಿನ್ನ ಗೆಳತಿಯೊಬ್ಬಳು ಇಲ್ಲಿಗೆ ಬರಬೇಕೆಂದಿದ್ದಾಳೆಂದೂ, ವಸಂತದಲ್ಲಿ ನಮ್ಮ ದ್ವೀಪದ ಹವೆ ಹೇಗಿರುತ್ತದೆಂದು ತಿಳಿಸಬೇಕೆಂದೂ ವಿಲಿಮೈನಾಳನ್ನು ಕೇಳಿದೆಯಂತೆ. ಅತಿಥಿಗೃಹ ನಡೆಸುವವಳು ನನ್ನ ತಂಗಿಯ ಮಗಳಾದ ಅವಳೇ ಆದರೂ, ಮೂವತ್ತೊಂದು ವರ್ಷ ಶಾಲೆಯ ಅಂಗಳದಲ್ಲಿ ಮಳೆ ಅಳೆದವನು ನಾನು. "ಮಾವ, ನಾನು ಬರೆದ್ರೆ ದಿನಾ ಬಿಸಿಲು ಅಂತಾನೇ ಬರೀತೀನಿ. ಅವಳಿಗೆ ಬೇಕಿರೋದು ನಿಜ, ನೀವೇ ಬರೀರಿ," ಎಂದು ಕಾಗದ ಮುಂದಿಟ್ಟು ಹೋದಳು. ಟಪಾಲು ತಡವಾಗುವುದರಿಂದ ಇದರ ಚಿತ್ರ ತೆಗೆದು ಫೋನಿನಲ್ಲಿ ಕಳುಹಿಸುತ್ತಾಳೆ.

ಅಕ್ಟೋಬರನ್ನು ವಸಂತವೆನ್ನುವುದು ನಿಮ್ಮ ಬ್ರಿಸ್ಬೇನಿನ ಕಡೆಯ ಪ್ರವಾಸಿಗರು ತಮ್ಮ ಪೆಟ್ಟಿಗೆಯಲ್ಲಿ ತರುವ ಮಾತು. ನಮಗಿದು ಗೆಣಸು ನೆಡುವ ಕಾಲ. ಬೆಳಗ್ಗೆ ಇಪ್ಪತ್ತನಾಲ್ಕು ಡಿಗ್ರಿ, ಮಧ್ಯಾಹ್ನಕ್ಕೆ ಇಪ್ಪತ್ತೆಂಟು. ಆಗ್ನೇಯದ ಗಾಳಿ ಬೀಸುವುದರಿಂದ ಸೆಖೆ ತಿಳಿಯುವುದಿಲ್ಲ. ಹನ್ನೊಂದರವರೆಗೆ ಬಿಸಿಲು, ಅನಂತರ ಬೆಟ್ಟದ ನೆತ್ತಿಯಲ್ಲಿ ಮೋಡ ಕೂಡಿ, ಒಂದು ಮಳೆ ಸುರಿದು, ಒಣಹಾಕಿದ ಬಟ್ಟೆ ಒಳಗೆ ತರುವಷ್ಟರಲ್ಲಿ ನಿಂತುಬಿಡುತ್ತದೆ.

ಸಮುದ್ರ ಈಜಲು ಹಿತವಾಗಿದೆ. ಆದರೆ ನಮ್ಮೂರ ಹವಳದ ದಿಬ್ಬದಲ್ಲಿ ಈಗ ಯಾರೂ ಇಳಿಯುವಂತಿಲ್ಲ, ಮೀನು ಹಿಡಿಯುವಂತಿಲ್ಲ. ನಿನ್ನ ತಾಯಿ ಮೀನುಗಾರ ಕುಲದ ಹಿರಿಯ ಮಗಳು. ಅವಳನ್ನು ಮಣ್ಣುಮಾಡಿದ ದಿನ ಅಲ್ಲಿ ನೆಟ್ಟ ಕಂಬ ನೂರು ರಾತ್ರಿ ನಿಲ್ಲಬೇಕು, ಕೀಳುವಾಗ ಮಕ್ಕಳು ದಡದಲ್ಲಿರಬೇಕು. ಕಂಬ ಇನ್ನೂ ನಿಂತಿದೆ.

ನಿನ್ನ ಸೋದರಮಾವ ಎಮೋಸಿ ದಿನವೂ ನಮ್ಮ ಬಾಗಿಲಲ್ಲಿ ನಿಂತು ಕೇಳುತ್ತಾನೆ: "ಏನ್ ಭಾವ, ಲೆಕ್ಕ ಎಲ್ಲಿಗೆ ಬಂತು? ಡಬ್ಬಿ ಮೀನು ತಿಂದೂ ತಿಂದೂ ನನ್ನ ಹೆಂಡ್ತಿಗೆ ನಾನೇ ಡಬ್ಬಿ ಥರ ಕಾಣ್ತಿದೀನಂತೆ." ಎಣಿಸುತ್ತಿದ್ದೇನೆ ಎನ್ನುತ್ತೇನೆ. "ಎಣ್ಸು, ಎಣ್ಸು. ಮಗ್ಗಿ ತಪ್ಪಿದ್ರೆ ನನ್ನ ಮಕ್ಕಳನ್ನ ಬೆಂಚಿನ ಮೇಲೆ ನಿಲ್ಸಿದೋನು ನೀನು," ಎಂದು ನಗುತ್ತಾ ಹೋಗುತ್ತಾನೆ.

ನಿಜವನ್ನೇ ಬರೆಯಬೇಕೆಂದಾದರೆ ಇನ್ನೊಂದು ದಿನದ ಹವೆಯನ್ನೂ ಬರೆಯಬೇಕು. ಜೂನ್ ಇಪ್ಪತ್ತಾರರಂದು ಸಮಾಧಿಯ ಬಳಿ, ಮಗಳೆಲ್ಲಿ ಎಂದು ಊರವರು ಕೇಳಿದರು. ಸಮುದ್ರ ಕೆರಳಿದೆ, ದೋಣಿ ದಾಟಲಿಲ್ಲ ಎಂದೆ. ಸಮುದ್ರ ಅಂದು ತಟ್ಟೆಯಲ್ಲಿನ ನೀರಿನಂತಿತ್ತು. ಅವರೆಲ್ಲ ಅದನ್ನು ನೋಡುತ್ತಲೇ ನಿಂತಿದ್ದರು. ಯಾರೂ ನನ್ನನ್ನು ತಿದ್ದಲಿಲ್ಲ.

ಅದಕ್ಕೆ ಎರಡು ದಿನ ಮುಂಚೆ, ನಿನ್ನ ತಾಯಿಯ ಉಸಿರು ನಿಂತೊಡನೆ, ನಾನು ಫೋನು ಕೈಗೆತ್ತಿಕೊಂಡದ್ದು ನಿನಗೆ ಗೊತ್ತಿಲ್ಲ. ಮೊದಲ ವಾಕ್ಯ ಸರಿಹೋಗಲಿಲ್ಲ, ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಇನ್ನೊಂದು ವಾಕ್ಯವೂ ಸರಿಯಿರಲಿಲ್ಲ. ಹಾಗೆಯೇ ಎರಡು ದಿನ ಕಳೆದವು. ನಿನಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮರುದಿನ, ಅದೂ ವಿಲಿಮೈನಾಳಿಂದ. ನನ್ನನ್ನು ಕೇಳದೆ ಮದುವೆಯಾದೆಯೆಂದು ನಾನು ಸಾಕಿಕೊಂಡ ಸಿಟ್ಟಿಗೆ, ತಾಯಿಯ ಮುಖವನ್ನು ಕೊನೆಯ ಸಲ ಕಾಣದೆ ನೀನು ದಂಡ ತೆತ್ತೆ. ತಪ್ಪು ನನ್ನದು. ಈ ವಾಕ್ಯ ಸರಿಯಾಗಿದೆ.

ನಿನ್ನ ಗೆಳತಿಯ ಕಡೆಯ ಪ್ರಶ್ನೆ, ನಮ್ಮ ಹಿಂಬಾಗಿಲಿನ ಮೂರನೆಯ ಮೆಟ್ಟಿಲು ಮಳೆಗೆ ಈಗಲೂ ಜಾರುತ್ತದೆಯೇ ಎಂಬುದು, ಪ್ರವಾಸಿಗರು ಸಾಮಾನ್ಯವಾಗಿ ಕೇಳುವಂಥದ್ದಲ್ಲ. ಜಾರುತ್ತದೆ. ಮಳೆಯಂಗಿ ತರಬೇಕಾಗಿಲ್ಲವೆಂದು ಅವಳಿಗೆ ಹೇಳು; ನಿನ್ನ ತಾಯಿಯದು ಗೂಟದಲ್ಲಿಯೇ ಇದೆ. ಗಂಡನನ್ನೂ ಜೊತೆಗೆ ಕರೆತರಲಿ.

ನಿನ್ನ ತಂದೆ,
ಇಲೈತಿಯಾ

ತಾ.ಕ.: ಜೂನ್ ಇಪ್ಪತ್ತಾರರಿಂದ ಎಣಿಸಿದರೆ ನೂರನೆಯ ರಾತ್ರಿ ಕಳೆದ ಗುರುವಾರವೇ ಮುಗಿಯಿತು. ಇದು ನನಗೂ ಗೊತ್ತು, ಎಮೋಸಿಗೂ ಗೊತ್ತು, ಊರಿಗೆಲ್ಲ ಗೊತ್ತು. ಇಂದು ಬೆಳಗ್ಗೆ ಅವನು ಕೇಳಿದಾಗ ತೊಂಬತ್ತೇಳು ಎಂದೆ. ನಿನ್ನೆಯೂ ತೊಂಬತ್ತೇಳು ಎಂದಿದ್ದೆ. ನೀನು ಬರುವ ದಿನ ತಿಳಿಸಿದರೆ, ಮುಂದಕ್ಕೆ ಎಣಿಸುತ್ತೇನೆ.